ಗಾಳಿಗೊಂದು ದಿನ ಮೀಸಲು

ಗ್ರೀಸ್ ದೇಶದ ಭೂಪಟವನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತವರಿಗೆ ಅಥೆನ್ಸ್ ನಗರವೂ ಕವಾಲಾ ಪಟ್ಟಣವೂ ಒಂದೇ ನೆಲದ ಮೇಲಿರುವುದು ಕಾಣುತ್ತದೆ. ಒಂದು ದಕ್ಷಿಣದಲ್ಲಿ, ಇನ್ನೊಂದು ಉತ್ತರದ ಕರಾವಳಿಯಲ್ಲಿ. ನಡುವೆ ಒಳ್ಳೆಯ ಹೆದ್ದಾರಿ. ಥೆಸಲೊನೀಕಿಯನ್ನು ಹಾದುಹೋಗುವ ಆ ದಾರಿಯ ಉದ್ದ ೬೫೦ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಬೆಳಿಗ್ಗೆ ಮೋಟಾರಿನಲ್ಲಿ ಹೊರಟವನು ಅದೇ ದಿನ ಸಂಜೆ ಕವಾಲಾದ ಬಂದರಿನ ಬಳಿ ಕುಳಿತು ಕಾಫಿ ಕುಡಿಯಬಹುದು. ಹೀಗಿರುವಾಗ, ಗಟ್ಟಿಯಾದ ನೆಲವನ್ನು ಬಿಟ್ಟು, ನೀರಿನ ಮೇಲೆ ಹನ್ನೆರಡು ಗಂಟೆಗೂ ಮಿಕ್ಕಿ ತೇಲಿಕೊಂಡು ಅದೇ ಊರನ್ನು ಸೇರುವ ಹುಚ್ಚು ಯಾರಿಗೆ ಬೇಕು?

ಆದರೂ ಹಾಗೆ ಹೋಗುವವರಿದ್ದಾರೆ. ದಾರಿಯಲ್ಲಿ ದ್ವೀಪಗಳನ್ನು ನೋಡಬೇಕೆನ್ನುವವರು ಕೆಲವರು. ದಿನವೆಲ್ಲ ಮೋಟಾರು ನಡೆಸುವ ದಣಿವು ಬೇಡವೆನ್ನುವವರು ಕೆಲವರು. ಸಮುದ್ರವೆಂದರೆ ಸುಮ್ಮನೆ ಪ್ರೀತಿಯಿರುವವರು ಮತ್ತೆ ಕೆಲವರು. ಇವರಲ್ಲಿ ಸುಖವಾಗಿ ತಲುಪುವವರು ಯಾರು, ಬಂದರಿನ ಕಟ್ಟೆಯ ಮೇಲೆ ಪೆಟ್ಟಿಗೆಗಳ ನಡುವೆ ತಲೆಯ ಮೇಲೆ ಕೈ ಹೊತ್ತು ಕೂರುವವರು ಯಾರು ಎಂಬುದು ಹಡಗು ಬಿಡುವ ದಿನ ತೀರ್ಮಾನವಾಗುವುದಿಲ್ಲ. ಅದು ತೀರ್ಮಾನವಾಗುವುದು ವಾರಗಳ ಹಿಂದೆ, ಮನೆಯಲ್ಲಿ, ಪಂಚಾಂಗದ ಮುಂದೆ.

ಹಡಗು ಯಾರಿಗಾಗಿ?

ಯೋಜನೆ ಹಾಕುವವನು ಮೊಟ್ಟಮೊದಲು ಮನಗಾಣಬೇಕಾದ ಸಂಗತಿಯೆಂದರೆ, ಈ ಹಡಗು ತನಗಾಗಿ ಓಡುವುದಲ್ಲ ಎಂಬುದು.

ಅಥೆನ್ಸಿನ ಆಗ್ನೇಯಕ್ಕೆ ಸುಮಾರು ೬೦ ಕಿಲೋಮೀಟರ್ ದೂರದಲ್ಲಿ ಲಾವ್ರಿಯೊ ಎಂಬ ಬಂದರಿದೆ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿಂದ ಹೊರಟ ಹಡಗು ಈಜಿಯನ್ ಸಮುದ್ರದ ನಡುವಿನ ಆಯ್ ಸ್ಟ್ರಾಟಿಸ್ ಎಂಬ ಪುಟ್ಟ ದ್ವೀಪವನ್ನೂ, ಬಳಿಕ ಲೆಮ್ನೋಸ್ ಎಂಬ ದೊಡ್ಡ ದ್ವೀಪವನ್ನೂ ಮುಟ್ಟಿ ಕವಾಲಾ ಸೇರುತ್ತಾ ಬಂದಿದೆ. ನೀರಿನ ಮೇಲಿನ ಈ ದಾರಿ ೨೦೦ ನಾವಿಕ ಮೈಲಿಗಳಿಗೂ ಉದ್ದ. ಎರಡು ತುದಿಗಳಲ್ಲಿ ವಿಶಾಲವಾದ ನೆಲ, ನಡುವೆ ದ್ವೀಪಗಳು. ಹಡಗಿಗೆ ಕೆಲಸವಿರುವುದು ನಡುವಿನಲ್ಲಿ. ತುದಿಯಿಂದ ತುದಿಗೆ ಹೋಗುವ ಪ್ರಯಾಣಿಕನು ಆ ಕೆಲಸದ ಜೊತೆಗೆ ಸಾಗುವ ಅತಿಥಿ ಮಾತ್ರ.

ಆಯ್ ಸ್ಟ್ರಾಟಿಸಿನಲ್ಲಿ ಇರುವುದು ಒಂದೇ ಹಳ್ಳಿ. ೨೦೨೧ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ೩೦೦ಕ್ಕಿಂತ ಕಡಿಮೆ. ವಿಮಾನ ನಿಲ್ದಾಣವಿಲ್ಲ. ಲೆಮ್ನೋಸಿನಿಂದ ಬರುವ ಸಣ್ಣ ನೌಕೆಯನ್ನು ಬಿಟ್ಟರೆ ದೊಡ್ಡ ಹಡಗೇ ಅವರ ಸಂತೆ, ಅವರ ಅಂಚೆ, ಅವರ ಔಷಧದ ಅಂಗಡಿ. ಕಾಯಿಲೆ ಬಿದ್ದವರನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಾದಾಗ, ಓದಲು ಹೋದ ಮಗನು ರಜೆಗೆ ಬರಬೇಕಾದಾಗ, ಎಲ್ಲರ ಕಣ್ಣೂ ಸಮುದ್ರದ ಅಂಚಿನ ಮೇಲೆಯೇ. ಇಷ್ಟು ಸ್ವಲ್ಪ ಜನಕ್ಕಾಗಿ ಹಡಗು ಓಡಿಸಿದರೆ ಯಾವ ಒಡೆಯನಿಗೂ ಲಾಭವಿಲ್ಲ. ಆದುದರಿಂದ ಇಂತಹ ಮಾರ್ಗಗಳಿಗೆ ಗ್ರೀಕ್ ಸರಕಾರವು ಬೊಕ್ಕಸದಿಂದ ಸಹಾಯಧನ ಕೊಡುತ್ತದೆ. ಗ್ರೀಕರು ಇವನ್ನು ಕರೆಯುವುದು 'ಬರಡು ಮಾರ್ಗ'ಗಳೆಂದು. ಹೆಸರು ಬರಡಾದರೂ ದ್ವೀಪದ ಒಲೆ ಉರಿಯುವುದು ಅವುಗಳಿಂದಲೇ.

ಇದನ್ನರಿತ ಪ್ರಯಾಣಿಕನಿಗೆ ಉಳಿದುದೆಲ್ಲವೂ ಸುಲಭವಾಗಿ ಅರ್ಥವಾಗುತ್ತದೆ. ಹಡಗು ದಿನವೂ ಏಕೆ ಇಲ್ಲ, ಅಪರಾತ್ರಿಯಲ್ಲಿ ಏಕೆ ಬಂದು ನಿಲ್ಲುತ್ತದೆ, ಬೇಸಗೆಯ ವೇಳಾಪಟ್ಟಿ ಚಳಿಗಾಲದಲ್ಲಿ ಏಕೆ ಉಳಿಯುವುದಿಲ್ಲ ಎಂದು ಅವನು ಸಿಡಿಮಿಡಿಗೊಳ್ಳುವುದಿಲ್ಲ.

ಮೊದಲು ದಿನ, ಆಮೇಲೆ ಬಂದರು

ಬಹುಮಂದಿ ಮಾಡುವ ತಪ್ಪು ಒಂದಿದೆ. ಅವರು ವಿಮಾನದ ಟಿಕೇಟನ್ನು ಮೊದಲು ಕೊಳ್ಳುತ್ತಾರೆ, ಹೋಟೆಲಿಗೆ ಮುಂಗಡ ಕಟ್ಟುತ್ತಾರೆ, ಕಡೆಯಲ್ಲಿ ಹಡಗನ್ನು ಹುಡುಕುತ್ತಾರೆ. ಈ ಮಾರ್ಗದಲ್ಲಿ ಕ್ರಮ ತಿರುಗಬೇಕು. ಹಡಗು ವಾರದಲ್ಲಿ ಕೆಲವೇ ದಿನ ಹೊರಡುತ್ತದೆ. ಋತು ಬದಲಾದಂತೆ ದಿನ ಬದಲಾಗುತ್ತದೆ. ಕೆಲವೊಮ್ಮೆ ಹಡಗೇ ಬದಲಾಗುತ್ತದೆ, ಹಡಗಿನ ಒಡೆಯರೂ ಬದಲಾಗುತ್ತಾರೆ. ಹೋದ ವರ್ಷ ಹೋಗಿಬಂದವರ ಮಾತನ್ನು ಕೇಳಿ ಈ ವರ್ಷ ಹೊರಡುವುದು ಅಪಾಯ. ಹಡಗಿನ ದಿನವನ್ನು ಕಂಪೆನಿಯವರಿಂದಲೋ ಬಂದರಿನ ಟಿಕೇಟು ಏಜೆಂಟರಿಂದಲೋ ಖಚಿತಪಡಿಸಿಕೊಂಡು, ಅದರ ಸುತ್ತ ಮಿಕ್ಕ ಪ್ರವಾಸವನ್ನು ಹೆಣೆಯುವುದೇ ಜಾಣತನ.

ಎರಡನೆಯ ತಪ್ಪು ಬಂದರಿನದು. ಅಥೆನ್ಸಿಗೆ ಇರುವುದು ಒಂದು ಬಂದರಲ್ಲ, ಮೂರು: ಪಿರೇಯಸ್, ರಫೀನಾ, ಲಾವ್ರಿಯೊ. ಪ್ರಸಿದ್ಧವಾದುದು ಪಿರೇಯಸ್. ಅಲ್ಲಿಂದಲೂ ಕಿಯೋಸ್, ಲೆಸ್ಬೋಸ್, ಲೆಮ್ನೋಸ್ ದ್ವೀಪಗಳನ್ನು ಸುತ್ತಿಕೊಂಡು ಕವಾಲಾಕ್ಕೆ ಹಡಗು ಹೋದದ್ದುಂಟು. ಆದರೆ ಆ ದಾರಿ ಇನ್ನೂ ದೀರ್ಘ. 'ಅಥೆನ್ಸಿನ ಬಂದರು' ಎಂದೊಡನೆ ಪಿರೇಯಸ್ಸಿಗೆ ಟ್ಯಾಕ್ಸಿ ಮಾಡಿಕೊಂಡು ಹೋದವನು, ತನ್ನ ಹಡಗು ಲಾವ್ರಿಯೊದಲ್ಲಿದೆಯೆಂದು ಅಲ್ಲಿ ತಿಳಿದುಕೊಂಡರೆ, ಆ ದಿನದ ಪ್ರಯಾಣ ಅಲ್ಲಿಗೇ ಮುಗಿದಂತೆ. ಟಿಕೇಟಿನ ಮೇಲೆ ಬಂದರಿನ ಹೆಸರನ್ನು ಎರಡು ಬಾರಿ ಓದಬೇಕು. ಅಥೆನ್ಸ್ ನಗರದಿಂದ ಲಾವ್ರಿಯೊಗೆ ಕಿತ್ತಳೆ ಬಣ್ಣದ ಬಸ್ಸುಗಳು ಓಡುತ್ತವೆ. ವಿಮಾನ ನಿಲ್ದಾಣವು ನಗರಕ್ಕೂ ಲಾವ್ರಿಯೊಗೂ ನಡುವಿನ ಪ್ರದೇಶದಲ್ಲಿರುವುದರಿಂದ, ವಿಮಾನದಿಂದ ಇಳಿದವರು ನಗರವನ್ನು ಹೊಗದೆಯೇ ಬಂದರನ್ನು ಸೇರಬಹುದು.

ಗಾಳಿಯೆಂಬ ಅಧಿಕಾರಿ

ದಿನ ಗೊತ್ತಾಯಿತು, ಬಂದರು ಗೊತ್ತಾಯಿತು. ಆದರೂ ಹಡಗು ಹೊರಡುವುದೆಂಬ ಭರವಸೆಯಿಲ್ಲ. ಏಕೆಂದರೆ ಈಜಿಯನ್ ಸಮುದ್ರದಲ್ಲಿ ವೇಳಾಪಟ್ಟಿಗಿಂತ ಮೇಲಿನ ಅಧಿಕಾರಿಯೊಬ್ಬನಿದ್ದಾನೆ. ಅವನೇ ಗಾಳಿ.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಆಕಾಶದಲ್ಲಿ ಮೋಡದ ಚೂರೂ ಇಲ್ಲದಿರುವಾಗ ಉತ್ತರದಿಂದ ಬಲವಾದ ಗಾಳಿ ಬೀಸತೊಡಗುತ್ತದೆ. ಇಂದಿನ ಗ್ರೀಕರು ಅದನ್ನು 'ಮೆಲ್ತೇಮಿ' ಎನ್ನುತ್ತಾರೆ. ಪ್ರಾಚೀನರು 'ವಾರ್ಷಿಕ ಗಾಳಿ' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ನಮ್ಮ ಮುಂಗಾರಿನಂತೆ ಅದೂ ವರ್ಷಕ್ಕೊಮ್ಮೆ ತಪ್ಪದೆ ಬರುವುದು; ಆದರೆ ಮಳೆಯನ್ನು ತರುವುದಿಲ್ಲ, ದಿಗಂತವನ್ನು ಗುಡಿಸಿ ಸ್ವಚ್ಛ ಮಾಡುತ್ತದೆ. ದಡದಲ್ಲಿ ನಿಂತವರಿಗೆ ಹವೆ ಬಹಳ ಚೆನ್ನಾಗಿದೆಯೆಂದು ತೋರುತ್ತದೆ. ಅದೇ ಹೊತ್ತಿಗೆ ನಡುಗಡಲಿನಲ್ಲಿ ಅಲೆಗಳು ಮನೆಯೆತ್ತರಕ್ಕೆ ಏಳುತ್ತಿರುತ್ತವೆ.

ಈ ಗಾಳಿಯನ್ನು ಲೆಕ್ಕಕ್ಕೆ ಹಿಡಿದು ಯೋಜನೆ ಹಾಕಬೇಕೆಂಬ ಬುದ್ಧಿವಾದ ಹೊಸದಲ್ಲ. ಕ್ರಿ. ಪೂ. ೩೫೧ರಲ್ಲಿ ವಾಗ್ಮಿ ಡೆಮಾಸ್ತೆನೀಸನು ಅಥೆನ್ಸಿನ ಜನಸಭೆಯ ಮುಂದೆ ನಿಂತು, ಮ್ಯಾಸಿಡೋನಿಯದ ದೊರೆ ಫಿಲಿಪ್ಪನು ವಾರ್ಷಿಕ ಗಾಳಿಯನ್ನೋ ಚಳಿಗಾಲವನ್ನೋ ಕಾದಿದ್ದು ದಂಡೆತ್ತುತ್ತಾನೆಂದು ಎಚ್ಚರಿಸಿದನು. ಆ ದಿನಗಳಲ್ಲಿ ಅಥೆನ್ಸಿನ ಹಡಗುಗಳು ಉತ್ತರಕ್ಕೆ ಹೋಗಲಾರವು. ಹೋಗುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಆದುದರಿಂದ ಸೈನ್ಯವನ್ನು ಲೆಮ್ನೋಸ್ ಮೊದಲಾದ ದ್ವೀಪಗಳಲ್ಲಿ ಚಳಿಗಾಲ ಕಳೆಯಲು ಇರಿಸಬೇಕೆಂಬುದು ಅವನ ಸಲಹೆ. ಇಂದು ಲಾವ್ರಿಯೊದಿಂದ ಕವಾಲಾಕ್ಕೆ ಹೊರಟವನೂ ಹೋಗುವುದು ಅದೇ ದಿಕ್ಕಿಗೆ, ಅದೇ ಗಾಳಿಯ ಎದುರಿಗೆ, ಅದೇ ಲೆಮ್ನೋಸಿನ ಮೂಲಕ.

ಇನ್ನೊಂದು ನಿದರ್ಶನ ಬೈಬಲ್ಲಿನದು. 'ಅಪೊಸ್ತಲರ ಕೃತ್ಯಗಳು' ಎಂಬ ಭಾಗದಲ್ಲಿ ಸಂತ ಪೌಲನು ಏಷ್ಯಾದ ದಡದ ತ್ರೋವದಿಂದ ಹಡಗು ಹತ್ತಿ, ನೆಟ್ಟಗೆ ಸಮೊಥ್ರಾಕಿಗೆ ಹೋಗಿ, ಮರುದಿನವೇ ನೆಯಾಪೊಲಿಯನ್ನು ಸೇರಿದನೆಂದಿದೆ. ಆ ನೆಯಾಪೊಲಿಯೇ ಇಂದಿನ ಕವಾಲಾ. ಕೆಲವು ವರ್ಷಗಳ ಮೇಲೆ ಅವನು ಅದೇ ನೀರಿನ ಮೇಲೆ ತ್ರೋವಕ್ಕೆ ಹಿಂದಿರುಗಿದಾಗ ಐದು ದಿನ ಹಿಡಿಯಿತು. ಹೋಗುವಾಗ ಎರಡು, ಬರುವಾಗ ಐದು! ಕಾರಣವನ್ನು ಗ್ರಂಥವು ಹೇಳುವುದಿಲ್ಲ. ಆ ಸಮುದ್ರವನ್ನು ಬಲ್ಲವರಿಗೆ ಹೇಳಬೇಕಾಗಿಯೂ ಇಲ್ಲ.

ಇಂದು ಹಾಯಿಯ ಜಾಗದಲ್ಲಿ ಯಂತ್ರ ಬಂದಿದೆ. ಆದರೂ ಗಾಳಿಯ ಬಲವು ಬ್ಯೂಫರ್ಟ್ ಮಾಪಕದಲ್ಲಿ ೮ನ್ನು ಮುಟ್ಟಿದರೆ, ಎಂದರೆ ಗಂಟೆಗೆ ೬೨ ಕಿಲೋಮೀಟರಿಗಿಂತ ಹೆಚ್ಚಾದರೆ, ದೊಡ್ಡ ಪ್ರಯಾಣಿಕ ಹಡಗುಗಳನ್ನೂ ಬಂದರಿನ ಅಧಿಕಾರಿಗಳು ಸಾಮಾನ್ಯವಾಗಿ ತಡೆದು ನಿಲ್ಲಿಸುತ್ತಾರೆ. ವೇಗದ ಹಗುರ ನೌಕೆಗಳು ಅದಕ್ಕೂ ಮೊದಲೇ ನಿಲ್ಲುತ್ತವೆ. ಈ ತಡೆಯಾಜ್ಞೆಗೆ ಗ್ರೀಕ್ ಭಾಷೆಯಲ್ಲಿ 'ಅಪಗೊರೆಫ್ತಿಕೊ' ಎಂದು ಹೆಸರು. ದ್ವೀಪಗಳಲ್ಲಿ ಮಕ್ಕಳು ಕೂಡ ಬಲ್ಲ ಮಾತು ಅದು.

ಆ ಮಾತಿನ ಹಿಂದೆ ನೋವಿದೆ. ೧೯೬೬ನೆಯ ಇಸವಿ ಡಿಸೆಂಬರ್ ೮ರ ಬೆಳಗಿನ ಜಾವ, ಕ್ರೀಟ್ ದ್ವೀಪದಿಂದ ಪಿರೇಯಸ್ಸಿಗೆ ಬರುತ್ತಿದ್ದ 'ಹೆರಾಕ್ಲಿಯೊನ್' ಎಂಬ ಹಡಗು ಬಿರುಗಾಳಿಗೆ ಸಿಕ್ಕಿತು. ಕೆಳಗಿನ ಅಂಕಣದಲ್ಲಿ ಸರಿಯಾಗಿ ಬಿಗಿಯದೆ ಇಟ್ಟಿದ್ದ ಲಾರಿಯೊಂದು ಸಡಿಲಗೊಂಡು ಹಡಗಿನ ಬಾಗಿಲಿಗೆ ಬಡಿಯಿತು; ಬಾಗಿಲು ಕಿತ್ತುಹೋಯಿತು; ಸಮುದ್ರ ಒಳನುಗ್ಗಿತು. ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಆ ದುರಂತದ ಬಳಿಕ ಕೆಟ್ಟ ಹವೆಯಲ್ಲಿ ಹಡಗು ಬಿಡುವ ವಿಷಯದಲ್ಲಿ ಕಟ್ಟುನಿಟ್ಟು ಬಂದಿತು. ತಡೆಯಾಜ್ಞೆಯಿಂದ ಒಂದು ದಿನ ಕೆಟ್ಟಿತೆಂದು ಗೊಣಗುವ ಪ್ರವಾಸಿಯು ಇದನ್ನು ನೆನೆದರೆ ಗೊಣಗಾಟ ತಾನೇ ಅಡಗುತ್ತದೆ.

ಆದುದರಿಂದ ಯೋಜನೆಯ ಮುಖ್ಯ ಸೂತ್ರ ಇದು: ಹಡಗಿನ ದಿನದ ಮುಂದೆ ಒಂದು ದಿನವನ್ನು ಖಾಲಿ ಬಿಡಬೇಕು. ಆ ದಿನ ಗಾಳಿಗೆ ಮೀಸಲು. ಕವಾಲಾದಿಂದ ಹಡಗಿನಲ್ಲಿ ಬಂದು, ಅದೇ ದಿನ ಅಥೆನ್ಸಿನಲ್ಲಿ ಭಾರತದ ವಿಮಾನ ಹತ್ತುವೆನೆಂದು ಲೆಕ್ಕ ಹಾಕಿದವನು ಜೂಜಾಡಿದಂತೆ. ತಡೆಯಾಜ್ಞೆ ಬಂದರೆ ಹಡಗಿನವರು ಟಿಕೇಟನ್ನು ಬದಲಾಯಿಸಿಕೊಡುತ್ತಾರೆ, ಇಲ್ಲವೆ ಹಣ ಹಿಂದಿರುಗಿಸುತ್ತಾರೆ. ವಿಮಾನದ ಟಿಕೇಟಿಗೆ ಅವರು ಹೊಣೆಯಲ್ಲ. ಭಾರತದಿಂದ ಹೋಗುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಷೆಂಗೆನ್ ವೀಸಾದಲ್ಲಿ ತಂಗುವ ದಿನಗಳನ್ನು ಎಣಿಸಿಯೇ ಕೊಟ್ಟಿರುತ್ತಾರೆ. ಗಾಳಿಗೆ ಮೀಸಲಾದ ದಿನವೂ ಆ ಎಣಿಕೆಯೊಳಗೆ ಸೇರಿರುವಂತೆ ಅರ್ಜಿ ಹಾಕುವಾಗಲೇ ನೋಡಿಕೊಳ್ಳಬೇಕು.

ಎಲ್ಲಿ ಕೂರುವುದು, ಏನು ಒಯ್ಯುವುದು?

ಹಡಗಿನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಸ್ಥಳಗಳು. ಎಲ್ಲಕ್ಕಿಂತ ಅಗ್ಗವಾದುದು ಡೆಕ್ಕಿನ ಟಿಕೇಟು. ಒಳಗಿನ ಕೂಡುಕೋಣೆಯಲ್ಲೋ ಹೊರಗಿನ ಬೆಂಚಿನ ಮೇಲೋ ಜಾಗ ಸಿಕ್ಕಿದಲ್ಲಿ ಕೂರಬಹುದು. ಎರಡನೆಯದು ಸಂಖ್ಯೆ ಹಾಕಿದ ಒರಗುಕುರ್ಚಿ. ಮೂರನೆಯದು ಹಾಸಿಗೆಯಿರುವ ಕ್ಯಾಬಿನ್. ಹಗಲಿನ ಪ್ರಯಾಣವಾದರೆ ಕುರ್ಚಿ ಸಾಕು. ರಾತ್ರಿ ನಡುವೆ ಬಂದು, ಜೊತೆಗೆ ಮಕ್ಕಳೋ ವಯಸ್ಸಾದ ತಂದೆತಾಯಿಗಳೋ ಇದ್ದರೆ ಕ್ಯಾಬಿನ್ನಿಗೆ ಕೊಟ್ಟ ಹಣ ವ್ಯರ್ಥವಲ್ಲ. ಕ್ಯಾಬಿನ್ನುಗಳು ಕೆಲವೇ ಇರುವುದರಿಂದ ಮೊದಲೇ ಕಾದಿರಿಸಬೇಕು.

ವಾಹನಗಳನ್ನು ಹಡಗಿನ ಹಿಂಬದಿಯ ಬಾಗಿಲಿನಿಂದ ಕೆಳಗಿನ ಅಂಕಣಕ್ಕೆ ಹತ್ತಿಸುತ್ತಾರೆ. ಹಡಗು ಹೊರಟ ಮೇಲೆ ಆ ಅಂಕಣಕ್ಕೆ ಇಳಿಯಲು ಅನುಮತಿಯಿಲ್ಲ. ಕಾರಿನಲ್ಲಿ ಮರೆತ ಮಗುವಿನ ಹಾಲಿನ ಪುಡಿ, ತಾತನ ಮಾತ್ರೆ, ಉಣ್ಣೆಯ ಶಾಲು—ಇವೆಲ್ಲ ಕೈಗೆ ಬರುವುದು ಬಂದರು ಬಂದ ಮೇಲೆಯೇ. ಬೇಕಾದುದನ್ನು ಒಂದು ಸಣ್ಣ ಚೀಲದಲ್ಲಿ ಬೇರೆಯಾಗಿ ಇಟ್ಟುಕೊಳ್ಳಬೇಕು. ಶಾಲನ್ನು ಬೇಸಗೆಯಲ್ಲಿಯೂ ಮರೆಯಬಾರದು; ನಡುರಾತ್ರಿಯ ಡೆಕ್ಕಿನ ಮೇಲೆ ಆಗಸ್ಟ್ ತಿಂಗಳೂ ಬೆನ್ನನ್ನು ನಡುಗಿಸುತ್ತದೆ. ಸಸ್ಯಾಹಾರಿಗಳು ಉಪವಾಸ ಬೀಳಬೇಕಾಗಿಲ್ಲ. ಪಾಲಕ ಸೊಪ್ಪನ್ನೋ ಗಿಣ್ಣನ್ನೋ ತುಂಬಿ ಬೇಯಿಸಿದ ಗರಿಗರಿಯಾದ ಕಡುಬು ಗ್ರೀಸಿನ ರೊಟ್ಟಿಯಂಗಡಿಗಳಲ್ಲೆಲ್ಲ ಸಿಗುತ್ತದೆ. ಹತ್ತುವ ಮುನ್ನ ಕೊಂಡಿಟ್ಟುಕೊಂಡರೆ ಕ್ಷೇಮ.

ಹೊಟ್ಟೆ ತೊಳಸುವ ಸ್ವಭಾವದವರಿಗೆ ಒಂದು ಉಪಾಯವುಂಟು. ಬೇಸಗೆಯ ಗಾಳಿ ಉತ್ತರದಿಂದ ಬೀಸುವುದರಿಂದ, ಕವಾಲಾದಿಂದ ದಕ್ಷಿಣಕ್ಕೆ ಬರುವ ಹಡಗಿಗೆ ಅದು ಬೆನ್ನ ಹಿಂದೆ ಇರುತ್ತದೆ. ಉತ್ತರಕ್ಕೆ ಹೋಗುವುದಕ್ಕೆ ಎದುರಾಗುತ್ತದೆ. ಹೋಗುವಾಗ ರಸ್ತೆ, ಬರುವಾಗ ಹಡಗು ಎಂದು ಯೋಜಿಸಿದರೆ ಅರ್ಧ ಕಷ್ಟ ತಪ್ಪೀತು. ಆದರೆ ದ್ವೀಪಗಳ ಕಥೆಯನ್ನು ಕ್ರಮವಾಗಿ ನೋಡಬೇಕೆನ್ನುವವರಿಗೆ ಲಾವ್ರಿಯೊದಿಂದ ಹೊರಡುವುದೇ ಸೊಗಸು.

ದಾರಿಯಲ್ಲಿ ಕಾಣುವುದು

ಲಾವ್ರಿಯೊ ಸಾಮಾನ್ಯ ಬಂದರಲ್ಲ. ಇಲ್ಲಿನ ಗಣಿಗಳಲ್ಲಿ ಕ್ರಿ. ಪೂ. ೪೮೩ರ ಸುಮಾರಿಗೆ ಬೆಳ್ಳಿ ಹೇರಳವಾಗಿ ದೊರೆತಾಗ, ಅದನ್ನು ಪೌರರಿಗೆ ಹಂಚದೆ ಯುದ್ಧನೌಕೆಗಳನ್ನು ಕಟ್ಟಿಸುವಂತೆ ತೆಮಿಸ್ಟಕ್ಲೀಸನು ಅಥೆನ್ಸಿನವರನ್ನು ಒಪ್ಪಿಸಿದನು. ಮೂರು ವರ್ಷಗಳ ಮೇಲೆ ಸಲಾಮಿಸ್ ಕದನದಲ್ಲಿ ಪರ್ಷಿಯನ್ನರನ್ನು ಸೋಲಿಸಿದವು ಆ ನೌಕೆಗಳೇ.

ಹಡಗು ಬಂದರನ್ನು ಬಿಟ್ಟೊಡನೆ ಎದುರಿಗೆ ಉದ್ದನೆಯ, ಮರಗಿಡಗಳಿಲ್ಲದ ಒಂದು ದ್ವೀಪ ಬರುತ್ತದೆ. ಅದು ಮಾಕ್ರೊನಿಸೊಸ್. ಗ್ರೀಸಿನ ಅಂತರ್ಯುದ್ಧದ ಕಾಲದಲ್ಲಿ, ೧೯೪೭ರಿಂದ, ಸಾವಿರಾರು ರಾಜಕೀಯ ಬಂದಿಗಳನ್ನು ಅಲ್ಲಿ ಡೇರೆಗಳಲ್ಲಿ ಕೂಡಿಹಾಕಿದ್ದರು. ಕವಿ ಯಾನಿಸ್ ರಿತ್ಸೋಸರು ೧೯೪೮ರಲ್ಲಿ ಬಂಧಿತರಾಗಿ ಮೊದಲು ಲೆಮ್ನೋಸಿಗೆ, ಬಳಿಕ ಮಾಕ್ರೊನಿಸೊಸಿಗೆ, ಕಡೆಗೆ ಆಯ್ ಸ್ಟ್ರಾಟಿಸಿಗೆ ಕಳುಹಿಸಲ್ಪಟ್ಟರು, ಬಿಡುಗಡೆಯಾದುದು ೧೯೫೨ರಲ್ಲಿ. ಇಂದಿನ ಪ್ರವಾಸಿಯ ಟಿಕೇಟಿನ ಮೇಲಿರುವ ದ್ವೀಪಗಳ ಹೆಸರು ಒಂದು ಕಾಲದಲ್ಲಿ ದಸ್ತಗಿರಿಯ ಆಜ್ಞೆಗಳ ಮೇಲಿದ್ದವು.

ಮುಂದೆ ಯೂಬಿಯಾ ಮತ್ತು ಆಂಡ್ರೋಸ್ ದ್ವೀಪಗಳ ನಡುವಿನ ಜಲಸಂಧಿ. ನಾವಿಕರು ಅದಕ್ಕೆ ಕೊಟ್ಟ ಹೆಸರು ಕಾವೊ ದೋರೊ. ಟ್ರಾಯ್ ಯುದ್ಧದಿಂದ ಮರಳುತ್ತಿದ್ದ ಗ್ರೀಕ್ ಹಡಗುಗಳನ್ನು, ಮಗನನ್ನು ಕಳೆದುಕೊಂಡ ನೌಪ್ಲಿಯಸನು ಸುಳ್ಳು ದೀಪ ಹಚ್ಚಿ ಬಂಡೆಗಳಿಗೆ ಅಪ್ಪಳಿಸಿದನೆಂಬ ಪುರಾಣ ನಡೆದದ್ದು ಇಲ್ಲಿಯೇ. ಗಾಳಿಯಿಲ್ಲದ ದಿನವೂ ಇಲ್ಲಿ ಬಟ್ಟಲಿನ ಕಾಫಿ ತುಳುಕುವುದುಂಟು.

ಆಯ್ ಸ್ಟ್ರಾಟಿಸಿನಲ್ಲಿ ಹಡಗು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ೧೯೬೮ರ ಫೆಬ್ರವರಿಯಲ್ಲಿ ಭೂಕಂಪವಾಗಿ ಇಲ್ಲಿನ ಹಳೆಯ ಹಳ್ಳಿ ನೆಲಸಮವಾಯಿತು. ಇಂದು ಕಾಣುವ ಮನೆಗಳು ಬಹುಮಟ್ಟಿಗೆ ಆಮೇಲಿನವು. ಈ ನಿಲುಗಡೆಯಲ್ಲಿ ನಿದ್ದೆ ಬಿಟ್ಟು ಕಟಾಂಜನದ ಬಳಿ ಬಂದು ನಿಲ್ಲುವುದು ಮೇಲು. ಹಡಗಿನ ನಿಜವಾದ ಕೆಲಸ ಏನೆಂಬುದು ಆಗ ತಿಳಿಯುತ್ತದೆ.

ಲೆಮ್ನೋಸಿನ ಮುಖ್ಯ ಬಂದರು ಮಿರಿನಾ. ಹವೆ ತಿಳಿಯಾಗಿದ್ದರೆ ಅಲ್ಲಿಂದ ಪಶ್ಚಿಮಕ್ಕೆ, ಸಮುದ್ರದಾಚೆ, ೨,೦೩೩ ಮೀಟರ್ ಎತ್ತರದ ಅಥೋಸ್ ಪರ್ವತ ಸೂರ್ಯಾಸ್ತದಲ್ಲಿ ಕಪ್ಪಗೆ ಎದ್ದು ಕಾಣುತ್ತದೆ. ದ್ವೀಪದ ಇನ್ನೊಂದು ಬದಿಯಲ್ಲಿ ಮೂದ್ರೊಸ್ ಎಂಬ ವಿಶಾಲವಾದ ಕೊಲ್ಲಿಯಿದೆ. ೧೯೧೫ರಲ್ಲಿ ಗ್ಯಾಲಿಪೊಲಿಯ ದಂಡಯಾತ್ರೆಗೆ ನೆಲೆಯಾಗಿದ್ದುದು ಈ ಕೊಲ್ಲಿ. ಆ ಯಾತ್ರೆಯಲ್ಲಿ ಭಾರತೀಯ ಸೈನಿಕರೂ ಇದ್ದರು. ಕನ್ನಡಿಗರಿಗೆ ಈ ಹೆಸರು ಇನ್ನೂ ಹತ್ತಿರದ್ದು. ೧೯೧೮ರ ಸೆಪ್ಟೆಂಬರಿನಲ್ಲಿ ಹೈಫಾ ನಗರವನ್ನು ಗೆದ್ದ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಲ್ಯಾನ್ಸರುಗಳಿದ್ದರು. ಅವರು ಅಕ್ಟೋಬರ್ ೨೬ರಂದು ಅಲೆಪ್ಪೊ ಬಳಿಯ ಹರಿತಾನಿನಲ್ಲಿ ಜೋಧಪುರದ ಸವಾರರೊಡನೆ ಮತ್ತೆ ಶತ್ರುವಿನ ಮೇಲೆ ಕುದುರೆ ನುಗ್ಗಿಸಿದರು; ಹಲವರು ಮಡಿದರು. ಅದಾಗಿ ನಾಲ್ಕೇ ದಿನಕ್ಕೆ, ಅಕ್ಟೋಬರ್ ೩೦ರಂದು, ತುರ್ಕಿಯೊಡನೆ ಕದನವಿರಾಮದ ಒಪ್ಪಂದಕ್ಕೆ ಸಹಿ ಬಿದ್ದಿತು. ಸಹಿ ಬಿದ್ದುದು ಈ ಮೂದ್ರೊಸ್ ಕೊಲ್ಲಿಯಲ್ಲಿ ನಿಂತ 'ಅಗಮೆಮ್ನನ್' ಎಂಬ ಯುದ್ಧನೌಕೆಯ ಮೇಲೆ. ಮೈಸೂರಿನ ಸವಾರರ ಯುದ್ಧ ಮುಗಿದದ್ದು, ಅವರು ಕಣ್ಣಿನಿಂದ ಕಾಣದ ಈ ನೀರಿನಲ್ಲಿ. ಲೆಮ್ನೋಸಿನಲ್ಲಿ ಇಳಿದು ಮುಂದಿನ ಹಡಗಿಗಾಗಿ ಕೆಲವು ದಿನ ಕಾಯಲು ಬಿಡುವಿರುವವರು ಅಲ್ಲಿಗೆ ಹೋಗಿಬರಬಹುದು.

ಲೆಮ್ನೋಸ್ ಬಿಟ್ಟ ಮೇಲೆ ಉಳಿದಿರುವುದು ಉತ್ತರದ ಕಡೆಯ ಹಂತ. ಬೆಟ್ಟದ ಇಳಿಜಾರಿನಲ್ಲಿ ಅಟ್ಟಣಿಗೆಯಂತೆ ಏರಿರುವ ಮನೆಗಳು, ನೆತ್ತಿಯ ಮೇಲೆ ಕೋಟೆ, ಊರನ್ನು ದಾಟುವ ಹಳೆಯ ಕಲ್ಲಿನ ಮೇಲ್ಗಾಲುವೆ—ಇದು ಕವಾಲಾ. ಈಜಿಪ್ಟನ್ನು ಆಳಿದ ಮಹಮ್ಮದ್ ಅಲಿ ಹುಟ್ಟಿದ ಊರು ಇದೇ.

ಗಾಳಿ ಸುಮ್ಮನಿದ್ದು ಹಡಗು ಹೊತ್ತಿಗೆ ಸರಿಯಾಗಿ ಬಂದರೆ, ಮೀಸಲಿಟ್ಟ ದಿನ ಪ್ರಯಾಣಿಕನ ಕೈಗೇ ಮರಳುತ್ತದೆ. ಆ ದಿನ ಅವನು ಸುಮಾರು ೧೫ ಕಿಲೋಮೀಟರ್ ದೂರದ ಪ್ರಾಚೀನ ಫಿಲಿಪ್ಪಿಯ ಅವಶೇಷಗಳನ್ನು ನೋಡಿಬರಬಹುದು. ಗಾಳಿ ಬೀಸಿದ್ದಾದರೆ ಅದೇ ದಿನವನ್ನು ಲಾವ್ರಿಯೊದಲ್ಲಿಯೋ ಮಿರಿನಾದಲ್ಲಿಯೋ ಕಳೆದು, ಸಾಲು ಸಾಲಾಗಿ ನಿಂತ ಲಾರಿಗಳನ್ನೂ, ಆಕಾಶ ನೋಡುತ್ತ ಕುಳಿತ ಚಾಲಕರನ್ನೂ, ಮನೆಗೆ ಹೋಗಬೇಕಾದ ಮುದುಕಿಯರನ್ನೂ ಕಾಣುತ್ತಾನೆ. ಅವನ ಒಂದು ದಿನ ತಡವಾಗಿರುತ್ತದೆ. ಅವರಿಗೆ ಈ ಕಾಯುವಿಕೆ ವರ್ಷವೆಲ್ಲ ಇದ್ದದ್ದೇ. ಗಾಳಿ ಇಳಿದೊಡನೆ ಬಂದರಿನ ಅಧಿಕಾರಿ ಅಪ್ಪಣೆ ಕೊಡುತ್ತಾನೆ, ಹಿಂಬಾಗಿಲು ತೆರೆಯುತ್ತದೆ. ಮೊದಲು ಆಯ್ ಸ್ಟ್ರಾಟಿಸಿನ ಹಿಟ್ಟು ಮತ್ತು ಔಷಧ, ಆಮೇಲೆ ಪ್ರವಾಸಿಯ ಪೆಟ್ಟಿಗೆ—ಎಂದು ಮನಸ್ಸಿನಲ್ಲಿಯೇ ಒಪ್ಪಿಕೊಂಡವನಿಗೆ ಈ ಪ್ರಯಾಣದಲ್ಲಿ ಕೆಡುವುದು ಯಾವುದೂ ಇಲ್ಲ.